ಕೋರ್ಸ್ ಆಮೇಲೆ, ಮೊದಲು ರಿಜೆಕ್ಷನ್ ಯಾಕಾಯ್ತು ನೋಡಿ

ನಮಸ್ಕಾರ ರೀ. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿ (ಲೋಹ ಕರಗಿಸಿ ಅಚ್ಚಿಗೆ ಸುರಿಯುವ ಕಾರ್ಖಾನೆ), ಮಷೀನ್ ಶಾಪ್‌ಗಳಲ್ಲಿ ಕೆಲಸ ಮಾಡುವ ಹುಡುಗರು ಸಿಕ್ಕಾಗಲೆಲ್ಲ ಕೇಳುವುದು ಒಂದೇ: "ಸರ್, ಮುಂದೆ ಬರೋಕೆ ಯಾವ ಕೋರ್ಸ್ ಮಾಡಲಿ? ಪೈಥಾನ್ ಪ್ರೋಗ್ರಾಮಿಂಗೋ, ಎಐಯೋ?" ಮಾಡಿ, ಬೇಡ ಅನ್ನುವುದಿಲ್ಲ. ಆದರೆ ಈಗ ಮಾಡುತ್ತಿರುವ ಕೆಲಸ ಯಾಕೆ ಹಾಗೆ ನಡೆಯುತ್ತದೆ ಅನ್ನುವುದೇ ಗೊತ್ತಿಲ್ಲದೆ ಸರ್ಟಿಫಿಕೇಟ್ ಕೂಡಿಹಾಕಿದರೆ ಏನು ಬಂತು?

ಒಂದು ಉದಾಹರಣೆ ಕೊಡುತ್ತೇನೆ. ನಮ್ಮೂರ ಮಳೆ ಗೊತ್ತಲ್ವಾ, ಜೂನ್‌ನಲ್ಲಿ ಹಿಡಿದರೆ ಬಿಡುವುದೇ ಇಲ್ಲ. ಆ ದಿನಗಳಲ್ಲಿ ಅಚ್ಚು ಮಾಡುವ ಮರಳಿನ ಮೇಲೆ ನಿಗಾ ತಪ್ಪಿದರೆ ಕಾಸ್ಟಿಂಗ್‌ನಲ್ಲಿ, ಅಂದರೆ ಎರಕದ ಭಾಗದಲ್ಲಿ, ಬ್ಲೋ ಹೋಲ್ (ಗ್ಯಾಸ್‌ನಿಂದಾಗುವ ತೂತು) ಜಾಸ್ತಿ. ಎಷ್ಟೋ ಸಲ ಅದು ಕಾಣುವುದು ಮಷೀನಿಂಗ್‌ಗೆ ಹೋಗಿ ಮೇಲಿನ ಪದರ ತೆಗೆದ ಮೇಲೆ. ಅಷ್ಟೊತ್ತಿಗೆ ಕರೆಂಟು, ಕೂಲಿ, ಟೂಲು ಎಲ್ಲ ಖರ್ಚಾಗಿರುತ್ತದೆ. ಮೋಲ್ಡಿಂಗ್ ಮಾಡುವ ಹಿರಿಯ ಕಾಕಾ ಒಂದು ಹಿಡಿ ಮರಳು ತೆಗೆದು, ಮುಷ್ಟಿಯಲ್ಲಿ ಒತ್ತಿ, ಮುರಿದು ನೋಡುತ್ತಾರೆ. "ಇವತ್ತ ನೀರ ಜಾಸ್ತಿ ಆಗೇತ್ರಿ ಸರ್" ಅನ್ನುತ್ತಾರೆ. ಅವರ ಅಂದಾಜು ತಪ್ಪುವುದು ಕಡಿಮೆ.

ಅದರ ಹಿಂದಿನ ಲೆಕ್ಕ ಎಂಜಿನಿಯರ್‌ಗೆ ಗೊತ್ತಿರಬೇಕು. ಗ್ರೀನ್ ಸ್ಯಾಂಡ್‌ನಲ್ಲಿ, ಅಂದರೆ ಜೇಡಿ, ನೀರು ಬೆರೆಸಿದ ಅಚ್ಚಿನ ಮರಳಿನಲ್ಲಿ, ತೇವ ಸಾಮಾನ್ಯವಾಗಿ ಶೇ. 3-4ರ ಆಸುಪಾಸು ಇರುತ್ತದೆ. ಕಾದ ಕಬ್ಬಿಣ ತಾಗಿದ ಕೂಡಲೇ ಆ ನೀರು ಉಗಿಯಾಗುತ್ತದೆ. 100 ಡಿಗ್ರಿಯಲ್ಲೇ ನೀರು ಉಗಿಯಾದರೆ 1,600 ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ, ಕಬ್ಬಿಣ ಇರುವುದು 1,300 ಡಿಗ್ರಿಗಿಂತ ಮೇಲೆ! ಮರಳಿನ ಪರ್ಮಿಯಬಿಲಿಟಿ, ಅಂದರೆ ಗಾಳಿ ಬಿಟ್ಟುಕೊಡುವ ಗುಣ, ಕಡಿಮೆಯಿದ್ದರೆ ಆ ಗ್ಯಾಸ್ ಹೊರಗೆ ಹೋಗಲಾರದೆ ಲೋಹದಲ್ಲೇ ಸಿಕ್ಕಿಕೊಳ್ಳುತ್ತದೆ.

ಈಗ ಒಬ್ಬ ಜೂನಿಯರ್ ಪ್ರತಿ ಶಿಫ್ಟಿನ ತೇವ, ಪರ್ಮಿಯಬಿಲಿಟಿ ಬರೆದು, ಪಕ್ಕದಲ್ಲೇ ಆ ಶಿಫ್ಟಿನ ರಿಜೆಕ್ಷನ್, ಅಂದರೆ ಎಷ್ಟು ಕಾಸ್ಟಿಂಗ್ ಕೆಟ್ಟು ಬದಿಗಿಟ್ಟದ್ದು ಅಂತ, ಬರೆದಿಟ್ಟ ಅನ್ನಿ. ಮಳೆಗಾಲ ಮುಗಿಯುವಷ್ಟರಲ್ಲಿ ಅವನ ಹತ್ತಿರ ತನ್ನದೇ ಫೌಂಡ್ರಿಯ ಲೆಕ್ಕ ಇರುತ್ತದೆ. ಆಗ ಅವನಿಗೆ ಸ್ಟ್ಯಾಟಿಸ್ಟಿಕ್ಸ್ ಬೇಕು ಅನ್ನಿಸುತ್ತದೆ. ಪೈಥಾನ್ ಯಾಕೆ ಬೇಕು ಅಂತಲೂ ತಿಳಿಯುತ್ತದೆ. ಕಲಿಕೆ ಈ ದಾರಿಯಲ್ಲಿ ಬಂದರೆ ತಲೆಯಲ್ಲಿ ಉಳಿಯುತ್ತದೆ.

ಕಲಿಯಲು ದುಡ್ಡಿಲ್ಲ ಅನ್ನುವ ಹಾಗೂ ಇಲ್ಲ. ಐಐಟಿಗಳು, ಐಐಎಸ್‌ಸಿ ಸೇರಿ 2003ರಲ್ಲಿ ಶುರು ಮಾಡಿದ ಎನ್‌ಪಿಟಿಇಎಲ್ ಅನ್ನುವ ಆನ್‌ಲೈನ್ ಕಲಿಕಾ ತಾಣದಲ್ಲಿ ಪಾಠಗಳು ಉಚಿತ. ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕಾದರೆ ಮಾತ್ರ ಶುಲ್ಕ. ಡಿಪ್ಲೊಮಾದವರಿಗೆ ಬಿಇ ಎರಡನೇ ವರ್ಷಕ್ಕೆ ನೇರ ಪ್ರವೇಶದ ದಾರಿಯೂ ಇದೆ.

ಸಿವಿಲ್‌ನವರು ನಮಗೆ ಈ ಮತ್ತೆ ಕಲಿಯುವ ತಾಪತ್ರಯ ಇಲ್ಲ ಅನ್ನಬೇಡಿ. ಸ್ಟೀಲ್ ಡಿಸೈನ್‌ನ ಭಾರತೀಯ ಕೋಡ್ (ನಿಯಮಾವಳಿ) ಐಎಸ್ 800 ನೋಡಿ. 1984ರ ಕೋಡ್ ಓದಿ ಪಾಸಾದವರು, 2007ರಲ್ಲಿ ಲಿಮಿಟ್ ಸ್ಟೇಟ್ ಅನ್ನುವ ಬೇರೆ ಲೆಕ್ಕದ ಪದ್ಧತಿ ಬಂದಾಗ ಮತ್ತೆ ಪುಸ್ತಕ ಹಿಡಿದು ಕೂರಬೇಕಾಯಿತು.

ಇನ್ನು ಮಾಲೀಕರ ವಿಷಯ. ಇದನ್ನು ಹೇಳದಿದ್ದರೆ ಹುಡುಗರಿಗೆ ಅನ್ಯಾಯ. ಹನ್ನೆರಡು ತಾಸು ದುಡಿಸಿಕೊಂಡು, ರಾತ್ರಿ ಮನೆಯಲ್ಲಿ ಕೂತು ಕಲಿ ಅಂದರೆ ಯಾರಿಂದ ಆಗುತ್ತದೆ? ಕಲಿಸಿದರೆ ಪುಣೆಗೆ ಹೋಗಿಬಿಡುತ್ತಾರೆ ಅನ್ನುವ ಭಯ ನಿಮಗೆ. ಆದರೆ ಇಲ್ಲಿ ಕಲಿಯೋಕೆ ಏನೂ ಉಳಿದಿಲ್ಲ ಅಂತಲೇ ಎಷ್ಟೋ ಜನ ಊರು ಬಿಡುತ್ತಾರೆ. ಇಲ್ಲೇ ಹತ್ತರಗಿಯಲ್ಲಿ ವಿಮಾನದ ಬಿಡಿಭಾಗಗಳು ತಯಾರಾಗುತ್ತಿವೆ. ಅಂಥ ಕೆಲಸದಲ್ಲಿ ಯಾವ ಭಾಗ, ಯಾವ ಮೆಟೀರಿಯಲ್, ಯಾವ ಪ್ರೋಸೆಸ್ ಅನ್ನುವುದಕ್ಕೆಲ್ಲ ದಾಖಲೆ ಬೇಕು. ಬರೆದಿಡುವ ರೂಢಿ ಇರುವ ಜನ ನಿಮ್ಮಲ್ಲಿದ್ದರೆ ಅಂಥ ಆರ್ಡರ್ ಕೇಳುವ ಧೈರ್ಯ ನಿಮಗೂ ಬರುತ್ತದೆ.

ವಾರಕ್ಕೆ ಎರಡು ತಾಸು ಕೊಡಿ, ಅದೂ ಶಿಫ್ಟಿನ ಒಳಗೇ. ರಿಜೆಕ್ಟ್ ಆದ ಕಾಸ್ಟಿಂಗ್ ಒಂದನ್ನು ಕತ್ತರಿಸಿ ಟೇಬಲ್ ಮೇಲಿಡಿ, ಪಕ್ಕದಲ್ಲಿ ಮರಳಿನ ರಿಜಿಸ್ಟರ್ ಇರಲಿ. ಕ್ವಾಲಿಟಿಯವರು, ಮಷೀನ್ ಶಾಪಿನವರು ಬರಲಿ. ಮೋಲ್ಡಿಂಗ್ ಕಾಕಾನನ್ನು ಕುರ್ಚಿ ಹಾಕಿ ಕೂರಿಸಿ, ಮೊದಲ ಮಾತು ಅವರೇ ಆಡಲಿ. ನೀವೂ ಬಂದು ಕೂತರೆ ಇನ್ನೂ ಒಳ್ಳೆಯದು.