ಎರಡು ಕರಡಿಗಳ ನಡುವಿನ ಸಂದು

ಎಲ್ಲರಿಗೂ ನಮಸ್ಕಾರ.

ಪಡಸಾಲೆಯಲ್ಲಿ ತೂಗುಹಾಕಿರುವ ಫೋಟೊಗಳನ್ನು ಈಗಷ್ಟೇ ನೋಡಿ ಬಂದೆ. ಹೆಚ್ಚಿನವು ದರೋಜಿ ಕರಡಿಧಾಮದ ಕರಡಿಗಳು. ಒಂಟಿ ಕರಡಿಯ ಚಿತ್ರಗಳು ತುಂಬಾ ಚೆನ್ನಾಗಿವೆ. ಎರಡು ಮೂರು ಕರಡಿ ಇರುವ ಚಿತ್ರಗಳ ಮುಂದೆ ನಿಂತಾಗ ಮಾತ್ರ ಯಾವ ಕಾಲು ಯಾರದು ಅಂತ ತಿಳಿಯುವುದಿಲ್ಲ. ವನ್ಯಜೀವಿ ಸಪ್ತಾಹದ ಭಾಷಣದಲ್ಲಿ ಕಾಡು ಉಳಿಸಿ ಅನ್ನುವುದು ರೂಢಿ. ಈ ಸಭೆಗೆ ಅದನ್ನು ಹೇಳಬೇಕಾಗಿಲ್ಲ. ನಾನು ಆ ಕಾಲುಗಳ ಲೆಕ್ಕವನ್ನೇ ಹಿಡಿಯುತ್ತೇನೆ: ಕರಡಿಗಳು ಬೇರೆ ಬೇರೆಯಾಗಿ ಕಾಣುವಂತೆ ಫೋಟೊ ತೆಗೆಯುವುದು ಹೇಗೆ.

ನಮ್ಮ ಕರಡಿಯ (ಇಂಗ್ಲಿಷಿನಲ್ಲಿ ಸ್ಲಾತ್ ಬೇರ್) ಮೈ ಪೂರ್ತಿ ಜೋಲು ಕೂದಲು, ಬೆಳಕನ್ನು ನುಂಗುವ ಕಪ್ಪು. ಅಲಾಸ್ಕಾದ ಬ್ರೂಕ್ಸ್ ಜಲಪಾತದಲ್ಲಿ ಸಾಲ್ಮನ್ ಮೀನಿಗೆ ಕಾದು ನಿಲ್ಲುವ ಕಂದು ಕರಡಿಗಳನ್ನು ನೋಡಿ. ಹಿಂದೆ ಬಿಳಿ ನೀರು, ಮೈಮೇಲೆ ಹತ್ತು ಬಗೆಯ ಕಂದು. ಒಂದು ಇನ್ನೊಂದಕ್ಕೆ ಒರಗಿದರೂ ನಡುವೆ ಗೆರೆ ಉಳಿಯುತ್ತದೆ. ನಮ್ಮಲ್ಲಿ ಹಾಗಲ್ಲ. ಮೈಗೆ ಮೈ ತಾಗಿತೋ, ಎರಡೂ ಸೇರಿ ಒಂದೇ ಕರಿ ಗುಡ್ಡೆ. ಅದಕ್ಕೇ ನನ್ನದೊಂದು ಹಟ: ಎರಡು ಕರಡಿಗಳ ನಡುವೆ ಹಿಂದಿನ ಬಂಡೆ ಕಾಣುವಷ್ಟು ಸಂದು ಇರಬೇಕು. ಅಂಗೈ ಅಗಲದ್ದಾದರೂ ಸಾಕು. ಆ ಸಂದು ಕಾಣುವವರೆಗೆ ಬೆರಳು ಒತ್ತಬೇಡಿ.

ಇದನ್ನು ಕಲಿಯಲು ತಾಯಿ ಮತ್ತು ಮರಿಗಳಿಗಿಂತ ಒಳ್ಳೆಯ ಪಾಠಶಾಲೆ ಇಲ್ಲ. ಮರಿಗಳನ್ನು ತಿಂಗಳುಗಟ್ಟಲೆ ಬೆನ್ನ ಮೇಲೆ ಹೊತ್ತು ತಿರುಗುವುದು ಕರಡಿ ಕುಲದಲ್ಲಿ ನಮ್ಮ ಈ ಕರಡಿಯೊಂದರ ವಿಶೇಷ. ತಾಯಿ ಬಂಡೆಯ ಇಳಿಜಾರಿನಲ್ಲಿ ಬರುತ್ತಿದೆ, ಬೆನ್ನ ಮೇಲೆ ಎರಡು ಮರಿ. ಎಲ್ಲರ ಕ್ಯಾಮೆರಾ ಚಟಪಟ ಶುರು. ಮನೆಗೆ ಬಂದು ನೋಡಿದರೆ ಗೂನು ಬೆನ್ನಿನ ಒಂದು ಕರಡಿ! ಮರಿಗಳು ಕೂದಲೊಳಗೆ ಮುಖ ಹುದುಗಿಸಿಕೊಂಡು ಮಲಗಿರುತ್ತವೆ, ಕಪ್ಪಿನ ಮೇಲೆ ಕಪ್ಪು.

ಕಾಯಿರಿ. ತಾಯಿ ಬಂಡೆಯ ನೆತ್ತಿಗೆ ಬಂದಾಗ ಗಾಳಿ ಮೂಸಲು ನಿಲ್ಲುವುದುಂಟು, ಒಂದೆರಡು ಸೆಕೆಂಡು. ತಾಯಿ ನಿಂತರೆ ಮರಿಗಳು ತಲೆ ಎತ್ತುತ್ತವೆ. ಆಗ ಕಾಣುವುದು ಮೂರು ಮಾಸಲು ಬಿಳಿ ಮೂತಿಗಳು. ಆ ಮೂತಿಗಳೇ ನಿಮ್ಮ ಚಿತ್ರ. ಮೂರೂ ಒಂದೇ ಕಡೆ ತಿರುಗಿದ್ದರೆ ಸಪ್ಪೆ. ಒಂದು ಮರಿ ಹಿಂದೆ ನೋಡಿದರೆ ಬೆನ್ನ ಮೇಲೆ ಇಬ್ಬರಿದ್ದಾರೆ ಅನ್ನುವುದು ಥಟ್ಟನೆ ತಿಳಿಯುತ್ತದೆ. ಗೆದ್ದಲ ಹುತ್ತಕ್ಕೆ ತಾಯಿ ತಲೆ ತಗ್ಗಿಸಿದಾಗ ಇನ್ನೊಂದು ಅವಕಾಶ. ಭುಜ ಕೆಳಗಿಳಿದು ಮುಂದಿನ ಮರಿ ಜಾರುತ್ತದೆ, ಉಗುರು ಚಾಚಿ ತಾಯಿಯ ಕೂದಲನ್ನು ಹಿಡಿಯುತ್ತದೆ, ಎರಡು ಮರಿಗಳ ನಡುವೆ ಸಂದು ಬಿಡುತ್ತದೆ. ಪಕ್ಕದಿಂದ ಮಾತ್ರ ಇದು ಕಾಣುವುದು. ಎದುರಿಂದ ಬರುವ ತಾಯಿಯ ತಲೆಯೇ ಮರಿಗಳನ್ನು ಮುಚ್ಚಿಬಿಡುತ್ತದೆ.

ನೆತ್ತಿ ಅಂದೆ, ಅದಕ್ಕೂ ಕಾರಣ ಇದೆ. ಕಾವಲುಗೋಪುರದಿಂದ ನಾವು ಕೆಳಗೆ ನೋಡುತ್ತೇವೆ. ಬಂಡೆಯ ಮಧ್ಯದಲ್ಲಿರುವ ಕರಡಿ ನೆಲಕ್ಕೆ ಅಂಟಿಸಿದ ಹಾಗೆ ಕಾಣುತ್ತದೆ. ನೆತ್ತಿಯಲ್ಲಿದ್ದರೆ ಹಿಂದಿನ ಕುರುಚಲು ದೂರ ಸರಿದು ಮಸುಕಾಗುತ್ತದೆ, ಮೈಯ ಅಂಚು ಎದ್ದು ಬರುತ್ತದೆ.

ಜಗಳಕ್ಕೆ ಬರೋಣ. ಎರಡು ದೊಡ್ಡ ಕರಡಿಗಳು ಎದುರಾದಾಗ ಮೊದಲು ನಿಲುಗಡೆ, ಬಾಯಿ ತೆರೆದು ಗುರ್ ಅನ್ನುವುದು, ಕೆಲವೊಮ್ಮೆ ಹಿಂಗಾಲ ಮೇಲೆ ಏಳುವುದು. ಕೈ ಮಿಲಾಯಿಸಿದ ಮೇಲೆ ಮತ್ತೆ ಕರಿ ಗುಡ್ಡೆ. ಬೇಕಾದ ಫ್ರೇಮು ತಾಗುವ ಮುಂಚಿನದು, ಇಲ್ಲವೇ ಬಿಡಿಸಿಕೊಂಡ ಮರುಕ್ಷಣದ್ದು. ಆದ್ದರಿಂದ ಬಾಯಿ ತೆರೆದಾಗಲೇ ಬರ್ಸ್ಟ್, ಅಂದರೆ ಒಂದೇ ಸಮನೆ ಚಿತ್ರ ತೆಗೆಯುವುದನ್ನು, ಶುರು ಮಾಡಿ. ಹೊಡೆದಾಟ ಶುರುವಾದ ಮೇಲೆ ಒತ್ತಿದವರಿಗೆ ಬಫರ್ (ಕ್ಯಾಮೆರಾದ ತಾತ್ಕಾಲಿಕ ನೆನಪು) ತುಂಬುತ್ತದೆ, ಬಿಡಿಸಿಕೊಳ್ಳುವ ಹೊತ್ತಿಗೆ ಕ್ಯಾಮೆರಾ ನಿಂತಿರುತ್ತದೆ. ಶಟರ್ ವೇಗ ಸೆಕೆಂಡಿನ 1/1250ಕ್ಕಿಂತ ಕಡಿಮೆ ಬೇಡ. ನಡೆಯುವ ಕರಡಿಗೆ 1/500 ಸಾಕು.

ಲೆನ್ಸಿನ ಲೆಕ್ಕ ಒಂದು ಹೇಳಿಬಿಡುತ್ತೇನೆ. ಫುಲ್ ಫ್ರೇಮ್ (36 ಎಂಎಂ ಅಗಲದ ಸೆನ್ಸರಿನ) ಕ್ಯಾಮೆರಾದಲ್ಲಿ 500 ಎಂಎಂ ಲೆನ್ಸು 100 ಮೀಟರ್ ದೂರದಲ್ಲಿ 7.2 ಮೀಟರ್ ಅಗಲ ನೋಡುತ್ತದೆ. ದೊಡ್ಡ ಕರಡಿ ಸುಮಾರು ಒಂದೂವರೆ ಮೀಟರ್ ಉದ್ದ. ಎರಡು ಕರಡಿ, ನಡುವೆ ಸಂದು, ಮುಂದೆ ನಡೆಯಲು ಜಾಗ, ಎಲ್ಲ ಹಿಡಿಸುತ್ತದೆ. ಅದಕ್ಕೆ 1.4 ಪಟ್ಟು ಹಿಗ್ಗಿಸುವ ಕನ್ವರ್ಟರ್ ಹಾಕಿದರೆ ಅಗಲ ಸುಮಾರು 5 ಮೀಟರಿಗೆ ಇಳಿಯುತ್ತದೆ. ಎರಡನೇ ಕರಡಿ ಬರುವ ಹೊತ್ತಿಗೆ ಜಾಗ ಇಕ್ಕಟ್ಟಾಗುತ್ತದೆ. ಇನ್ನು ಫೋಕಸ್ಸಿನ ಆಳ. ಕನ್ವರ್ಟರ್ ಇಲ್ಲದ ಅದೇ ಲೆನ್ಸು, ಲೆನ್ಸಿನ ಕಿಂಡಿ f/5.6, 100 ಮೀಟರಿನಲ್ಲಿ ಹದಿಮೂರು ಮೀಟರಿನಷ್ಟು ಸ್ಪಷ್ಟ, ಚಿಂತೆಯಿಲ್ಲ. ಕರಡಿ 30 ಮೀಟರಿಗೆ ಬಂದರೆ ಒಟ್ಟು ಸುಮಾರು 1.2 ಮೀಟರ್ ಮಾತ್ರ. ಒಂದು ಮುಂದೆ, ಇನ್ನೊಂದು ಎರಡು ಹೆಜ್ಜೆ ಹಿಂದೆ ಇದ್ದರೆ ಒಂದು ಮಸುಕು. f/8ಕ್ಕೆ ಹೋದರೂ 1.7. ಎರಡೂ ನಿಮ್ಮಿಂದ ಒಂದೇ ದೂರಕ್ಕೆ ಬರುವವರೆಗೆ ಕಾಯುವುದೇ ದಾರಿ.

ಫೋಕಸ್ ಬಿಂದುವನ್ನು ಕಪ್ಪು ಮೈಮೇಲೆ ಇಟ್ಟರೆ ಲೆನ್ಸು ಹಿಂದೆ ಮುಂದೆ ತಡಕಾಡುತ್ತದೆ, ಅಲ್ಲಿ ಹಿಡಿಯಲು ಗೆರೆಯೇ ಇಲ್ಲ. ಮೂತಿ ಮತ್ತು ಕಪ್ಪು ಕೂದಲು ಸೇರುವ ಅಂಚಿಗೆ ಇಡಿ. ಎದ್ದು ನಿಂತರೆ ಎದೆಯ ಬಿಳಿ ಪಟ್ಟೆಗೆ.

ಬೆಳಕು ಅಳೆಯುವುದರಲ್ಲೂ ಇದೇ ಕಪ್ಪಿನ ಕಾಟ. ಫ್ರೇಮಿನ ತುಂಬ ಕರಡಿ ಇದ್ದರೆ ಕ್ಯಾಮೆರಾ ಅದನ್ನು ಬೂದು ಮಾಡಹೊರಟು ಮೂತಿ ಸುಡುತ್ತದೆ. ಬಿಸಿಲ ಬಂಡೆಯ ಮೇಲೆ ಚಿಕ್ಕದಾಗಿದ್ದರೆ ಕರಡಿ ಮಸಿಯಾಗುತ್ತದೆ. ಕರಡಿ ಓಡಾಡಿದರೂ ಬಿಸಿಲು ಬದಲಾಗಿಲ್ಲ, ನೆನಪಿರಲಿ. ಆದ್ದರಿಂದ ಮ್ಯಾನುಯಲ್, ಅಂದರೆ ಬೆಳಕನ್ನು ನೀವೇ ಹೊಂದಿಸುವ ಬಗೆ. ಬಂಡೆಯ ಅತಿ ಬೆಳಕಿನ ಭಾಗ ಹಿಸ್ಟೋಗ್ರಾಮಿನ (ಕ್ಯಾಮೆರಾ ತೋರಿಸುವ ಬೆಳಕಿನ ನಕ್ಷೆಯ) ಬಲ ಅಂಚಿಗೆ ತಾಗದಂತೆ ಹೊಂದಿಸಿ, ಐಎಸ್ಓ (ಸೆನ್ಸರಿನ ಬೆಳಕಿನ ಸೂಕ್ಷ್ಮತೆ) ಕೂಡ ಬದಲಾಗದಂತೆ ಕಟ್ಟಿಹಾಕಿ, ರಾ (ಕ್ಯಾಮೆರಾ ತಿದ್ದದ ಮೂಲ ಫೈಲು) ತೆಗೆಯಿರಿ. ಹೊತ್ತು ಇಳಿದಂತೆ ಹತ್ತು ನಿಮಿಷಕ್ಕೊಮ್ಮೆ ಸರಿಪಡಿಸಿಕೊಳ್ಳಿ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಉಳಿದದ್ದನ್ನು ಓಡಿಸುತ್ತೇನೆ.

ಮಧ್ಯಾಹ್ನ ಕಾದ ಬಂಡೆಯಿಂದ ಏಳುವ ಝಳದಲ್ಲಿ ಎಷ್ಟು ದುಬಾರಿ ಲೆನ್ಸಿನಲ್ಲೂ ಚಿತ್ರ ಅಲುಗಾಡುತ್ತದೆ, ಶಟರ್ ಏರಿಸಿ ಪ್ರಯೋಜನವಿಲ್ಲ. ಐದರ ನಂತರ ನೋಡಿ. ಗೋಪುರದಲ್ಲಿ ಒಬ್ಬರು ನಡೆದರೆ ಟ್ರೈಪಾಡೂ ನಡುಗುತ್ತದೆ. ಕಟ್ಟೆಯ ಮೇಲೆ ಎರಡು ಕಿಲೋ ಅಕ್ಕಿ ತುಂಬಿದ ಬಟ್ಟೆ ಚೀಲ ಇಟ್ಟು ಲೆನ್ಸನ್ನು ಅದರ ಮೇಲೆ ಕೂರಿಸಿ. ಮೊಬೈಲ್ ಸದ್ದು ಬಂದ್. ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ ಅನ್ನುತ್ತೇವಲ್ಲ, ಅಲ್ಲಿ ಕರಡಿಯ ಪೂಜೆಯಲ್ಲಿ ಫೋನ್ ಬಿಟ್ಟ ಹಾಗಾಗುತ್ತದೆ!

ಅಡಿಬರಹದ ಬಗ್ಗೆ ಎರಡು ಮಾತು. ಕರಡಿ ಬರಲೆಂದು ಬೆಲ್ಲದ ಪಾಕ ಹಚ್ಚಿದ ಬಂಡೆ ನೆಕ್ಕುವ ಕರಡಿಯ ಚಿತ್ರವಾದರೆ ಹಾಗೆಂದೇ ಬರೆಯಿರಿ. ಎದ್ದು ನಿಂತು ಕಾದಾಡುವ ಎರಡು ಕರಡಿಗಳಿಗೆ ದಯವಿಟ್ಟು ‘ಕರಡಿ ಕುಣಿತ’ ಅಂತ ಹೆಸರಿಡಬೇಡಿ. ಮೂಗಿಗೆ ಹಗ್ಗ ಪೋಣಿಸಿ ಕುಣಿಸುತ್ತಿದ್ದ ಕರಡಿಗಳನ್ನು ಬಿಡಿಸಿ ಬನ್ನೇರುಘಟ್ಟಕ್ಕೆ ತಂದು ಸಾಕಬೇಕಾಯಿತು. ಆ ಪದ ನನಗೆ ಈಗಲೂ ಚುಚ್ಚುತ್ತದೆ. ಜಗಳವನ್ನು ಜಗಳ ಅನ್ನಿ.

ನಾನು ಪಡಸಾಲೆಯ ಮೂರನೇ ಚಿತ್ರದ ಹತ್ತಿರ ಇರುತ್ತೇನೆ. ತೆಗೆದವರು ರಾ ಫೈಲುಗಳನ್ನು ತಂದಿದ್ದರೆ ಅದಕ್ಕಿಂತ ಮುಂಚಿನ ಹತ್ತು ಫ್ರೇಮುಗಳನ್ನು ಒಟ್ಟಿಗೆ ನೋಡೋಣ.