ಬಂದೂಕಿಗೂ ಬಿಸಿನೀರು

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಹೊಲ ಹಾನಗಲ್ಲ ತಾಲ್ಲೂಕಿನ ಕಾಡಂಚಿನಲ್ಲಿದೆ. ಗೋವಿನಜೋಳ ತೆನೆ ಕಟ್ಟಿತೋ, ಹಂದಿಗಳ ಕಾಟ ಶುರು. ಬೆಳೆ ಕಾಯಲು ಲೈಸೆನ್ಸ್ ಇರುವ ಒಂಟಿ ನಳಿಗೆಯ ಬಂದೂಕು ಇದೆ. ನಳಿಗೆಯ ಬಾಯಿಂದ ಮದ್ದು ಹಾಕಿ, ಗಜ ಅನ್ನುವ ಉದ್ದ ಕೋಲಿನಿಂದ ಜಡಿದು, ಮದ್ದಿಗೆ ಕಿಡಿ ಕೊಡುವ ಕೇಪು ಇಟ್ಟು ಹಾರಿಸುವಂಥದ್ದು. ಗುಂಡು ಹಾಕುವುದಿಲ್ಲ, ಬರೀ ಸದ್ದು.

ಅದು ನನ್ನ ಕೈಗೆ ಬಂದ ಮೊದಲ ಮಳೆಗಾಲ. ಒಂದು ರಾತ್ರಿ ಎರಡು ಸಲ ಹಾರಿಸಿದೆ. ನಿದ್ದೆಗಣ್ಣಲ್ಲಿ ನಳಿಗೆಗೆ ಒಂದಿಷ್ಟು ಎಣ್ಣೆ ಬಿಟ್ಟು ಮೂಲೆಗೆ ನಿಲ್ಲಿಸಿದೆ. ನಾಲ್ಕನೇ ದಿನ ಗಜಕ್ಕೆ ಬಟ್ಟೆ ಸುತ್ತಿ ಇಳಿಸಿದರೆ, ಹೊರಗೆ ಬಂದ ಬಟ್ಟೆ ಇಟ್ಟಂಗಿ ಬಣ್ಣ! ಕಾಕಾ ನೋಡಿ, "ಎಣ್ಣಿ ಆಮ್ಯಾಲೋ ತಮ್ಮಾ, ಮೊದಲ ನೀರು" ಅಂದರು. ಕಬ್ಬಿಣಕ್ಕೆ ನೀರಾ? ತಮಾಷೆ ಅಂದುಕೊಂಡೆ.

ತಮಾಷೆ ಅಲ್ಲ. ಕರಿಮದ್ದಿನಲ್ಲಿ ಮುಕ್ಕಾಲು ಪಾಲು ಪೆಟ್ಲುಪ್ಪು, ಉಳಿದದ್ದು ಇದ್ದಿಲು ಮತ್ತು ಗಂಧಕ. ಸುಟ್ಟಾಗ ಅದರ ಅರ್ಧಕ್ಕಿಂತ ಜಾಸ್ತಿ ತೂಕ ಉಪ್ಪಿನಂಥ ಪುಡಿಯಾಗುತ್ತದೆ. ಸ್ವಲ್ಪ ಹೊಗೆಯ ಜೊತೆ ಹೋಗುತ್ತದೆ, ಸ್ವಲ್ಪ ಮಸಿಯಾಗಿ ನಳಿಗೆಗೆ ಅಂಟುತ್ತದೆ. ಆಷಾಢದಲ್ಲಿ ಉಪ್ಪಿನ ಭರಣಿ ಒದ್ದೆಯಾಗುವುದಿಲ್ಲವೇ? ಈ ಮಸಿಯೂ ಹಾಗೇ, ಗಾಳಿಯ ತೇವ ಎಳೆದುಕೊಂಡು ಕಬ್ಬಿಣ ತಿನ್ನುತ್ತದೆ. ಎಣ್ಣೆಗೆ ಉಪ್ಪು ಕರಗುವುದಿಲ್ಲ. ನಾನು ಮಾಡಿದ್ದು ತುಕ್ಕಿನ ಮೇಲೆ ಕಂಬಳಿ ಹೊದಿಸಿದ ಕೆಲಸ.

ತೊಳೆಯುವ ಮೊದಲು ನಳಿಗೆ ಖಾಲಿಯೇ ನೋಡಿ. ನಮ್ಮ ಗಜಕ್ಕೆ ಒಂದು ಗೀರು ಹಾಕಿದ್ದೇವೆ. ಖಾಲಿ ಇದ್ದರೆ ಗೀರು ನಳಿಗೆಯ ಬಾಯಿಗೆ ಸರಿಯಾಗಿ ನಿಲ್ಲುತ್ತದೆ. ಮೇಲೆ ನಿಂತಿತೋ, ಒಳಗೆ ಮದ್ದಿದೆ ಎಂದೇ ತಿಳಿಯಿರಿ. ಅಲ್ಲಿಗೇ ಬಿಟ್ಟು ಬಂದೂಕು ಬಲ್ಲವರನ್ನು ಕರೆಯಿರಿ. ಬಾಯಿಯ ಮುಂದೆ ಮುಖವನ್ನಂತೂ ಒಡ್ಡಲೇಬೇಡಿ.

ನಮ್ಮದರ ಕಟ್ಟು, ಸ್ಕ್ರೂ ಬಿಚ್ಚಿದರೆ ನಳಿಗೆ ಮರದಿಂದ ಹೊರಗೆ ಬರುತ್ತದೆ. ಅದರ ಹಿಂದಿನ ತುದಿಯನ್ನು ಬಿಸಿನೀರಿನ ಬಕೆಟ್ಟಿನಲ್ಲಿ ಇಳಿಸುತ್ತೇವೆ. ಗಜಕ್ಕೆ ಹಳೇ ಧೋತರದ ಚೂರು ಬಿಗಿಯಾಗಿ ಸುತ್ತಿ ಮೇಲೆ ಕೆಳಗೆ ಆಡಿಸಿದರೆ, ಕೇಪು ಕೂರುವ ಸಣ್ಣ ರಂಧ್ರದಿಂದ ನೀರು ಒಳಗೆ ಎಳೆದು ಹೊರಗೆ ಚಿಮ್ಮುತ್ತದೆ. ನೀರು ಕರ್ರಗಾಗಿ ಕೊಳೆತ ಮೊಟ್ಟೆಯ ನಾತ ಹೊಡೆಯುತ್ತದೆ. ಗಂಧಕದ ಕೃಪೆ! ಮನೆಯವಳು ಅದಕ್ಕೇ ಒಂದು ಬಕೆಟ್ ಬೇರೆ ಇಟ್ಟಿದ್ದಾಳೆ. ಎರಡು ಮೂರು ಸಲ ನೀರು ಬದಲಿಸಬೇಕು. ಕೊನೆಯ ನೀರು ಕೈ ಸುಡುವಷ್ಟು ಬಿಸಿ ಇರಲಿ. ನಳಿಗೆ ಕಾದು ತಾನೇ ಬೇಗ ಒಣಗುತ್ತದೆ. ಆಮೇಲೆ ಒಣ ಬಟ್ಟೆ, ಅದು ಬೆಳ್ಳಗೆ ಬಂದ ಮೇಲೆ ತೆಳ್ಳಗೆ ಮಷಿನ್ ಎಣ್ಣೆ. ಮರುದಿನ ಮತ್ತೊಮ್ಮೆ ಬಟ್ಟೆ ಇಳಿಸಿ. ಕೆಂಪು ಕಂಡರೆ ಮೊದಲಿಂದ ಶುರು ಮಾಡಿ.

ದಸರೆಯ ಖಂಡೆ ಪೂಜೆಗೆ ಹೊರಗೆಲ್ಲ ಫಳಫಳ ಮಾಡಿ ಕುಂಕುಮ ಹಚ್ಚುತ್ತೇವೆ, ಒಳಗೆ ಯಾರೂ ನೋಡುವುದಿಲ್ಲ. ಚುನಾವಣೆಗೆ ಠಾಣೆಗೆ ಒಪ್ಪಿಸುವಾಗಲೂ ಅಷ್ಟೇ. 2024ರಲ್ಲಿ ನೀತಿ ಸಂಹಿತೆ ಮಾರ್ಚ್‌ನಿಂದ ಜೂನ್‌ವರೆಗೆ ಇತ್ತು. ಮಸಿ ಮೆತ್ತಿದ ನಳಿಗೆ ಅಷ್ಟು ದಿನ ಸುಮ್ನೆ ನಿಂತರೆ ಏನಾಗಬೇಕು ಹೇಳಿ.

ಮತ್ತೆ ಹಾರಿಸುವ ದಿನ ಒಳಗಿನ ಎಣ್ಣೆ ಒರೆಸಿ ತೆಗೆಯಿರಿ, ಇಲ್ಲದಿದ್ದರೆ ಮದ್ದು ನೆನೆಯುತ್ತದೆ. ಮದ್ದು ಹಾಕುವ ಮೊದಲು ಬರೀ ಕೇಪು ಇಟ್ಟು, ಬಾಯಿಯನ್ನು ನೆಲದ ಮೇಲಿನ ಒಣ ಎಲೆಯ ಹತ್ತಿರ ಹಿಡಿದು ಒಂದು ಸಲ ಸಿಡಿಸಿ. ಎಲೆ ಹಾರಿದರೆ ದಾರಿ ತೆರೆದಿದೆ.