ಮಾವನೂ ಹೌದು, ಭಾವನೂ ಹೌದು: ಮಾನವಶಾಸ್ತ್ರದ ಮೊದಲ ಸೆಮಿಸ್ಟರ್

ನಮಸ್ಕಾರ. ಈಗ ಕಾಣುತ್ತಿರುವುದು ನ್ಯೂಜೆರ್ಸಿಯ ಒಂದು ಸಮುದಾಯ ಕಾಲೇಜು. ಸಂಜೆಯ ತರಗತಿಗೆ ಬರುವವರಲ್ಲಿ ಹೆಚ್ಚಿನವರು ಕೆಲಸ ಮುಗಿಸಿ ನೇರವಾಗಿ ಇಲ್ಲಿಗೆ ಬಂದವರು; ಕೆಲವರ ಮೈಮೇಲೆ ಆಸ್ಪತ್ರೆಯ ಸಮವಸ್ತ್ರ ಹಾಗೆಯೇ ಇರುತ್ತದೆ. ನಾನು ಸೇರಿರುವುದು ಸಾಂಸ್ಕೃತಿಕ ಮತ್ತು ಭಾಷಾ ಮಾನವಶಾಸ್ತ್ರದ ಪರಿಚಯ ಕೋರ್ಸಿಗೆ. "ಅದನ್ನು ಓದಿದರೆ ಯಾವ ಕೆಲಸ ಸಿಗುತ್ತದೆ?" ಎಂದು ಊರಿನಿಂದ ಅಮ್ಮ ಕೇಳಿದರು. ಯಾವುದೂ ಸಿಗುವುದಿಲ್ಲ ಅಮ್ಮ. ಪದವಿಗೆ ಸಮಾಜವಿಜ್ಞಾನದ ಒಂದು ವಿಷಯ ಬೇಕಿತ್ತು, ಸಂಜೆ ಹೊತ್ತಿಗೆ ಇದೊಂದೇ ಇತ್ತು.

ಈ ಕೋರ್ಸಿನ ಬಗ್ಗೆ ನನ್ನದೊಂದು ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಪಠ್ಯಪುಸ್ತಕದಲ್ಲಿ ಮಿರುಗುವ ಅಧ್ಯಾಯಗಳು ಅಷ್ಟಕ್ಕಷ್ಟೇ. ಬೇಸರ ತರಿಸುವ ಹೋಮ್‌ವರ್ಕ್ ಇದೆಯಲ್ಲ, ಗೆರೆ ಎಳೆಯುವುದು, ಕೇಳಿದ್ದನ್ನು ಕೇಳಿದಂತೆ ಬರೆಯುವುದು, ಅಲ್ಲಿದೆ ಸರಕು.

ಮಿರುಗುವ ಅಧ್ಯಾಯಕ್ಕೆ ಉದಾಹರಣೆ ಬೇಕೇ? ಹಿಮಕ್ಕೆ ಎಸ್ಕಿಮೊಗಳಲ್ಲಿ ನೂರಾರು ಪದಗಳಿವೆ ಎಂಬ ಮಾತನ್ನು ನೀವೂ ಕೇಳಿರುತ್ತೀರಿ. 1911ರಲ್ಲಿ ಮಾನವಶಾಸ್ತ್ರಜ್ಞ ಫ್ರಾಂಜ್ ಬೋಆಸ್ ಕೊಟ್ಟಿದ್ದು ನಾಲ್ಕೇ ಪದಗಳ ಉದಾಹರಣೆ. ಬಾಯಿಂದ ಬಾಯಿಗೆ, ಪತ್ರಿಕೆಯಿಂದ ಪತ್ರಿಕೆಗೆ ಹೋಗುತ್ತಾ ಅದು ಮರಿ ಹಾಕಿತು. ಹಾರ್ಟ್‌ಫರ್ಡಿನ ಅಗ್ನಿ ವಿಮಾ ಕಂಪನಿಯಲ್ಲಿ ನೌಕರಿ ಮಾಡುತ್ತಲೇ ಭಾಷಾಶಾಸ್ತ್ರ ಓದಿದ ಬೆಂಜಮಿನ್ ಲೀ ವೋರ್ಫ್, ಅಮೆರಿಕದ ಮೂಲನಿವಾಸಿಗಳಾದ ಹೋಪಿ ಜನರ ಭಾಷೆಯ ವ್ಯಾಕರಣದಲ್ಲಿ ನಾವು ತಿಳಿದ ಅರ್ಥದ ಕಾಲವೇ ಇಲ್ಲ ಎಂದ. 1983ರಲ್ಲಿ ಭಾಷಾಶಾಸ್ತ್ರಜ್ಞ ಎಕ್ಕೆಹಾರ್ಟ್ ಮಲೋಟ್ಕಿ ಹೋಪಿ ಜನರ ಕಾಲಸೂಚಕ ಮಾತುಗಳಿಂದಲೇ ದಪ್ಪ ಪುಸ್ತಕವೊಂದನ್ನು ತುಂಬಿಸಿ ಅದನ್ನು ಅಲ್ಲಗಳೆದ. ಭಾಷೆಯೇ ಆಲೋಚನೆಯನ್ನು ಕಟ್ಟಿಹಾಕುತ್ತದೆ ಎಂಬ ಗಟ್ಟಿ ವಾದ ಹೀಗೆ ಸೊರಗಿತು; ಭಾಷೆ ಆಲೋಚನೆಯನ್ನು ಒಂದಿಷ್ಟು ತಿದ್ದುತ್ತದೆ ಎಂಬ ಮೆದು ವಾದ ಇನ್ನೂ ಬದುಕಿದೆ. ಆಸ್ಟ್ರೇಲಿಯಾದ ಗೂಗು ಯಿಮಿಥಿರ್ ಭಾಷಿಕರು ಎಡ-ಬಲ ಎನ್ನುವ ಕಡೆಯಲ್ಲೆಲ್ಲ ದಿಕ್ಕುಗಳನ್ನೇ ಹೇಳುತ್ತಾರೆ. "ಸ್ವಲ್ಪ ಮೂಡಲಕ್ಕೆ ಸರಿ" ಎನ್ನುವ ಹಳ್ಳಿಯ ಅಜ್ಜಂದಿರನ್ನು ಕಂಡವರಿಗೆ ಇದೇನೂ ಮಹಾ ವಿಚಿತ್ರವಲ್ಲ. ಮುಂದೆ ಹೋಗೋಣ.

ಪರದೆಯ ಮೇಲಿರುವ ಈ ಹಾಳೆ ನನ್ನ ಬಂಧುತ್ವದ ನಕ್ಷೆ. ತ್ರಿಕೋನವೆಂದರೆ ಗಂಡು, ವೃತ್ತವೆಂದರೆ ಹೆಣ್ಣು, ಸಮ ಚಿಹ್ನೆ ಮದುವೆ, ಕೆಳಗಿಳಿಯುವ ಗೆರೆ ಮಕ್ಕಳು. ನಕ್ಷೆ ಬರೆಯುವವರು ನಡುವೆ ನಿಂತು, ಪ್ರತಿಯೊಬ್ಬರನ್ನೂ ತಾವು ಏನೆಂದು ಕರೆಯುತ್ತೇವೆ ಎಂದು ನಮೂದಿಸಬೇಕು. ಪಕ್ಕದ ಹುಡುಗನ ನಕ್ಷೆ ಅಚ್ಚುಕಟ್ಟಾಗಿ ಕವಲೊಡೆದು ಕೆಳಗಿಳಿಯಿತು. ನನ್ನದರಲ್ಲಿ ಮಾತ್ರ ಒಂದು ಮದುವೆಯ ಗೆರೆ ಮೇಲಿನ ತಲೆಮಾರಿನಿಂದ ಕೆಳಗಿನ ತಲೆಮಾರಿಗೆ ಓರೆಯಾಗಿ ಬಿದ್ದಿದೆ, ನೋಡಿ. ಅಕ್ಕನನ್ನು ಕೊಟ್ಟಿರುವುದು ನಮ್ಮ ಸೋದರಮಾವನಿಗೆ, ಅಂದರೆ ಅಮ್ಮನ ಕೊನೆಯ ತಮ್ಮನಿಗೆ. ಹಾಗಾಗಿ ನನ್ನ ಅಜ್ಜಿಯೇ ಅಕ್ಕನ ಅತ್ತೆ. ಮಾವ ನನಗೆ ಭಾವನೂ ಆದ. ಆದರೆ ಮದುವೆಯಾದ ಮೇಲೂ ನನ್ನ ಬಾಯಿಗೆ ಅವನು ಮಾವನೇ. ಅವರ ಮಗಳಿಗೆ ನಾನು ತಾಯಿಯ ಕಡೆಯಿಂದ ಚಿಕ್ಕಮ್ಮ, ತಂದೆಯ ಕಡೆಯಿಂದ ಸೋದರತ್ತೆಯ ಮಗಳು, ಅಂದರೆ ಅತ್ತಿಗೆ. ಅವಳು ಚಿಕ್ಕಮ್ಮ ಎನ್ನುತ್ತಾಳೆ. ಅದನ್ನು ಯಾರೂ ಕುಳಿತು ತೀರ್ಮಾನಿಸಿದ್ದಲ್ಲ.

ಅಧ್ಯಾಪಕರು ಆ ಓರೆ ಗೆರೆಯ ಮೇಲೆ ಬೆರಳಿಟ್ಟು, "ಇದು ಹೀಗೆಯೇ ಇರಲಿ, ನೇರ ಮಾಡಬೇಡ" ಎಂದರು. ಆಮೇಲೆ ನನ್ನ ಹಾಳೆಯನ್ನೇ ಗೋಡೆಯ ಮೇಲೆ ತೋರಿಸಿ ಪಾಠ ಮಾಡಿದರು. ನಮ್ಮಲ್ಲಿ ಅಪ್ಪನ ಅಣ್ಣತಮ್ಮಂದಿರೂ ಒಂದು ಬಗೆಯ ಅಪ್ಪಂದಿರೇ: ದೊಡ್ಡಪ್ಪ, ಚಿಕ್ಕಪ್ಪ. ಅವರ ಮಕ್ಕಳು ನಮಗೆ ಅಣ್ಣ, ತಂಗಿ. ತಾಯಿಯ ಅಣ್ಣತಮ್ಮಂದಿರು ಮಾತ್ರ ಬೇರೆ ಸಾಲಿನವರು. ಅವರ ಮಕ್ಕಳೊಂದಿಗೆ ಮದುವೆ ಸಲ್ಲುತ್ತದೆ. ಮಾವ ಎಂದರೆ ತಾಯಿಯ ಸೋದರ, ಗಂಡನ ತಂದೆಯೂ ಹೌದು. ಅತ್ತೆ ಎಂದರೆ ತಂದೆಯ ಸೋದರಿ, ಗಂಡನ ತಾಯಿಯೂ ಹೌದು. ಅಳಿಯ, ಸೊಸೆ ಎಂಬ ಮಾತುಗಳೂ ಹೀಗೆಯೇ ಎರಡು ಕಡೆ ಕಾಲಿಟ್ಟಿವೆ. ಮದುವೆ ನಡೆಯುವ ಮೊದಲೇ ಅದಕ್ಕೆ ಜಾಗ ಕಾದಿರಿಸಿದ ಏರ್ಪಾಡು ಇದು. ಫ್ರಾನ್ಸಿನ ಮಾನವಶಾಸ್ತ್ರಜ್ಞ ಲೂಯಿ ದ್ಯೂಮೋ 1953ರಲ್ಲಿ ದ್ರಾವಿಡ ಬಂಧುವಾಚಕಗಳ ಬಗ್ಗೆ ಬರೆದದ್ದು ಇದನ್ನೇ.

ಅವರಿಗಿಂತ ಬಹಳ ಮೊದಲು ಈ ಜಾಡು ಹಿಡಿದವರು ನ್ಯೂಯಾರ್ಕ್ ರಾಜ್ಯದ ರೋಚೆಸ್ಟರಿನ ವಕೀಲ ಲೂಯಿಸ್ ಹೆನ್ರಿ ಮಾರ್ಗನ್. ಅಲ್ಲಿನ ಮೂಲನಿವಾಸಿಗಳಾದ ಸೆನೆಕಾ ಜನ ತಂದೆಯ ಸೋದರನನ್ನೂ ತಂದೆ ಎಂದೇ ಕರೆಯುವುದನ್ನು ಕಂಡು, ಮಿಷನರಿಗಳು ಮತ್ತು ರಾಜತಾಂತ್ರಿಕ ಅಧಿಕಾರಿಗಳ ಮೂಲಕ ಜಗತ್ತಿನ ನಾನಾ ಕಡೆಗೆ ಅಚ್ಚು ಹಾಕಿಸಿದ ಪ್ರಶ್ನಾವಳಿ ಕಳುಹಿಸಿದರು. 1871ರಲ್ಲಿ ಪ್ರಕಟವಾದ ಅವರ ಕೋಷ್ಟಕಗಳಲ್ಲಿ ತಮಿಳು, ತೆಲುಗಿನ ಜೊತೆಗೆ ನಮ್ಮ ಕನ್ನಡದ ಪಟ್ಟಿಯೂ ಇದೆ. ಸೆನೆಕಾ ಮತ್ತು ತಮಿಳಿನ ಏರ್ಪಾಡು ಹೋಲುವುದರಿಂದ ಅಮೆರಿಕದ ಮೂಲನಿವಾಸಿಗಳು ಏಷ್ಯಾದಿಂದ ಬಂದವರೆಂದು ಸಾಬೀತಾಯಿತು ಎಂದು ಅವರು ಹಿಗ್ಗಿದರು. ಆ ತರ್ಕ ನಿಲ್ಲಲಿಲ್ಲ, ಪಟ್ಟಿಗಳು ನಿಂತವು.

ಇತ್ತ ತರಗತಿಯಲ್ಲಿ ಕೆಲವರ ಮುಖ ಹುಳ್ಳಗಾಗಿತ್ತು. "ಇದು ಕಾನೂನುಬದ್ಧವೇ?" ಎಂದು ಒಬ್ಬಳು ಕೇಳಿದಳು. 1955ರ ಹಿಂದೂ ವಿವಾಹ ಕಾಯ್ದೆ ಸೋದರಮಾವ-ಸೊಸೆಯ ಮದುವೆಯನ್ನು ನಿಷೇಧಿತ ಸಂಬಂಧಗಳಲ್ಲಿ ಸೇರಿಸಿದೆ, ಆದರೆ ರೂಢಿ ಇರುವಲ್ಲಿ ಬಿಟ್ಟುಕೊಟ್ಟಿದೆ ಎಂದೆ. ಅಧ್ಯಾಪಕರು ಸಾಂಸ್ಕೃತಿಕ ಸಾಪೇಕ್ಷತೆಯ ಬಗ್ಗೆ ಹೇಳಿದರು: ಮೊದಲು ಒಳಗಿನವರ ಲೆಕ್ಕ ಏನೆಂದು ತಿಳಿಯಿರಿ, ತೀರ್ಪು ಆಮೇಲೆ ಇರಲಿ. ಒಪ್ಪುತ್ತೇನೆ. ಆದರೆ ತಿಳಿಯುವುದು ಬೇರೆ, ತಲೆದೂಗುವುದು ಬೇರೆ. ಹುಟ್ಟುವ ಮಕ್ಕಳ ಆರೋಗ್ಯದ ಬಗ್ಗೆ ವೈದ್ಯರು ಎಚ್ಚರಿಸುತ್ತಾರೆ, ನನ್ನ ಓರಗೆಯ ಹುಡುಗಿಯರು ಇಂಥ ಸಂಬಂಧ ಬೇಡವೆಂದು ಖಡಾಖಂಡಿತವಾಗಿ ಹೇಳಿದ್ದನ್ನೂ ಕಂಡಿದ್ದೇನೆ. ಅವರೂ ಒಳಗಿನವರೇ ತಾನೇ?

ಕ್ಷೇತ್ರಕಾರ್ಯದ ವಾರದಲ್ಲಿ ನಮ್ಮ ಮೈಸೂರಿನ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಹೆಸರು ಬಂದಾಗ ಬೆನ್ನು ನೆಟ್ಟಗೆ ಮಾಡಿ ಕುಳಿತೆ. 1948ರಲ್ಲಿ ಅವರು ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ನೆಲೆಸಿ ಅಧ್ಯಯನ ಮಾಡಿದರು. ಆ ಹಳ್ಳಿಗೆ ಬರವಣಿಗೆಯಲ್ಲಿ ರಾಮಪುರ ಎಂದು ಹೆಸರಿಟ್ಟರು. ವರ್ಷಗಟ್ಟಲೆ ವಿಂಗಡಿಸಿ ಸಿದ್ಧಪಡಿಸಿದ ಟಿಪ್ಪಣಿಗಳ ಮೂರೂ ಪ್ರತಿಗಳು 1970ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ದುಷ್ಕರ್ಮಿಗಳು ಹಚ್ಚಿದ ಬೆಂಕಿಗೆ ಸಿಕ್ಕವು. ನೆನಪನ್ನೇ ನೆಚ್ಚಿ ಅವರು ಬರೆದ ಪುಸ್ತಕ 1976ರಲ್ಲಿ ಬಂತು. ಪಠ್ಯದಲ್ಲಿ ಇದಕ್ಕೆ ಒಂದೇ ಸಾಲು. ಅನ್ಯಾಯ.

ಭಾಷೆಯ ಭಾಗದಲ್ಲಿ ನನಗೆ ಅತಿ ಇಷ್ಟವಾದದ್ದು ಭಾಷಾಶಾಸ್ತ್ರಜ್ಞ ಜಾನ್ ಗಂಪರ್ಜ್ ದಾಖಲಿಸಿದ ಒಂದು ಪುಟ್ಟ ಜಗಳ. ಬ್ರಿಟನ್ನಿನ ವಿಮಾನ ನಿಲ್ದಾಣವೊಂದರ ನೌಕರರ ಕ್ಯಾಂಟೀನಿನಲ್ಲಿ ಭಾರತ, ಪಾಕಿಸ್ತಾನದ ಹೆಂಗಸರು ಬಡಿಸುವ ಕೆಲಸಕ್ಕೆ ಸೇರಿದ್ದರು. ಇವರಿಗೆ ಸೊಕ್ಕು ಎಂದು ಊಟಕ್ಕೆ ಬರುವವರು ದೂರಿದರು. ನಮ್ಮನ್ನು ಕೀಳಾಗಿ ಕಾಣುತ್ತಾರೆ ಎಂದು ಹೆಂಗಸರು ದೂರಿದರು. ಧ್ವನಿಮುದ್ರಣ ಕೇಳಿದಾಗ ಸಿಕ್ಕಿದ್ದು ಒಂದೇ ಮಾತು: ಗ್ರೇವಿ. ಇಂಗ್ಲಿಷರು ದನಿ ಏರಿಸಿ "ಗ್ರೇವಿ?" ಎನ್ನುತ್ತಾರೆ, ಅದು ಬೇಕೇ ಎಂಬ ಪ್ರಶ್ನೆ. ಈ ಹೆಂಗಸರು ದನಿ ಇಳಿಸಿ "ಗ್ರೇವಿ" ಎನ್ನುತ್ತಿದ್ದರು. ಎದುರಿನವನಿಗೆ ಅದು, ಇದು ಗ್ರೇವಿ, ಬೇಕಾದರೆ ತಗೋ ಎಂದಂತೆ ಕೇಳಿಸುತ್ತಿತ್ತು. ನಮ್ಮ ಮದುವೆಯ ಪಂಕ್ತಿಯನ್ನು ನೆನೆಸಿಕೊಳ್ಳಿ. ಬಡಿಸುವವನು ಬಕೆಟ್ ಹಿಡಿದು "ಹುಳಿ, ಹುಳಿ, ಹುಳಿ" ಎಂದು ದನಿ ಇಳಿಸಿಕೊಂಡೇ ಸಾಗುತ್ತಾನೆ. ಯಾರಿಗಾದರೂ ಅವಮಾನವಾಗಿದೆಯೇ? ಆಗುವುದು ಎರಡನೆಯ ಸಲ ಹುಳಿ ಬಾರದಿದ್ದಾಗ.

ಕೊನೆಯ ಹೋಮ್‌ವರ್ಕ್: ಸಹಜ ಮಾತುಕತೆಯನ್ನು ಮುದ್ರಿಸಿ, ತಡವರಿಕೆ, ಮೌನ, ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಬೀಳುವುದು, ಎಲ್ಲವನ್ನೂ ಗುರುತು ಹಾಕಿ ಬರೆಯಬೇಕು. 1962ರಲ್ಲಿ ಭಾಷಾಶಾಸ್ತ್ರಜ್ಞ ವಿಲಿಯಂ ಲಬೋವ್‌ಗೆ ಸಹಜ ಮಾತು ಹಿಡಿಯುವುದು ಸುಲಭವಿತ್ತು. ನ್ಯೂಯಾರ್ಕಿನ ಮೂರು ದೊಡ್ಡ ಅಂಗಡಿಗಳಿಗೆ ಹೋಗಿ, ನಾಲ್ಕನೆಯ ಮಹಡಿಯಲ್ಲಿ ಸಿಗುವ ವಸ್ತುವಿನ ದಾರಿ ಕೇಳುವುದು, "ಏನಂದಿರಿ?" ಎಂದು ಮತ್ತೊಮ್ಮೆ ಹೇಳಿಸುವುದು, ಮರೆಗೆ ಹೋಗಿ "ಫೋರ್ತ್ ಫ್ಲೋರ್" ಎಂಬುದರಲ್ಲಿ, ಆ ಊರಿನ ಹಲವರು ನುಂಗಿಬಿಡುವ ರಕಾರ ಕೇಳಿತೇ ಎಂದು ಗುರುತು ಹಾಕಿಕೊಳ್ಳುವುದು. 264 ಜನ. ದುಬಾರಿ ಅಂಗಡಿಯಲ್ಲಿ ಶೇ 62 ಮಂದಿ ಒಮ್ಮೆಯಾದರೂ ರಕಾರ ಉಚ್ಚರಿಸಿದರು, ನಡುವಿನದರಲ್ಲಿ ಶೇ 51, ಅಗ್ಗದ ಅಂಗಡಿಯಲ್ಲಿ ಶೇ 20.

ನಮ್ಮ ಅಧ್ಯಾಪಕರು ಗುಟ್ಟಾಗಿ ಮುದ್ರಿಸಲು ಬಿಡುವುದಿಲ್ಲ. ಎಲ್ಲರ ಒಪ್ಪಿಗೆಯ ಸಹಿ ಬೇಕು. ಹಾಗಾಗಿ ಯುಗಾದಿ ಊಟದ ಅಡುಗೆಮನೆಯಲ್ಲಿ ಸಹಿ ಹಾಕಿಸಿಕೊಂಡು, ಮೊಬೈಲನ್ನು ಕೊಬ್ಬರಿಯ ತಟ್ಟೆಯ ಪಕ್ಕ ಇಟ್ಟೆ. ಅಷ್ಟೇ! ಅದುವರೆಗೆ ಸೊಸೆಯಂದಿರ ಜನ್ಮ ಜಾಲಾಡುತ್ತಿದ್ದ ಹಿರಿಯರೆಲ್ಲ ಒಮ್ಮೆಲೇ ಆಕಾಶವಾಣಿಯ ವಾರ್ತೆ ಓದುವವರಾದರು. "ಈಗ ನಾವು ಪಾಯಸಕ್ಕೆ ಏಲಕ್ಕಿಯನ್ನು ಸೇರಿಸುತ್ತಿದ್ದೇವೆ" ಎಂದರು ಒಬ್ಬರು, ಮೊಬೈಲಿನ ಕಡೆಗೆ ಬಾಗಿ. ಲಬೋವ್ ಇದಕ್ಕೆ ವೀಕ್ಷಕನ ವಿರೋಧಾಭಾಸ ಎಂದು ಹೆಸರಿಟ್ಟಿದ್ದಾರೆ: ಯಾರೂ ಗಮನಿಸದಾಗ ಜನ ಹೇಗೆ ಮಾತನಾಡುತ್ತಾರೆಂದು ಗಮನಿಸಿಯೇ ತಿಳಿಯಬೇಕು. ಸಾವಿನ ದವಡೆಯಿಂದ ಪಾರಾದ ಪ್ರಸಂಗವನ್ನು ಕೇಳಿದರೆ ಜನ ಮೈಮರೆತು ಮಾತನಾಡುತ್ತಾರೆ ಎಂಬುದು ಅವರು ಕಂಡುಕೊಂಡ ಉಪಾಯ. ಹಬ್ಬದ ದಿನ ಅದನ್ನು ಕೇಳಿದರೆ ಸೌಟಿನ ಏಟು ಬೀಳುತ್ತದೆ. ಪುಣ್ಯಕ್ಕೆ ಹಾಲು ಉಕ್ಕಿತು. ನಾನು ಒಪ್ಪಿಸಿದ ಬರಹ ಅಲ್ಲಿಂದಲೇ ಶುರುವಾಗುತ್ತದೆ. ಮೊದಲ ಸಾಲಿನಲ್ಲಿ ಮೂವರು ಒಟ್ಟಿಗೆ ಮಾತನಾಡುತ್ತಿದ್ದಾರೆ, ಯಾರೂ ವಾಕ್ಯ ಮುಗಿಸಿಲ್ಲ.